ಬ್ರಾಂಕ್ಸ್ ಮ್ಯಾಟಿನ ಮೇಲೆ ನನ್ನ ಲೆಗ್ ಸ್ಪಿನ್

ನಂಬಬೇಡಿ ನೋಡೋಣ. ನಿಮ್ಮ ಕೈಲಿ ಆಗಲ್ಲ. ಎಪ್ಪತ್ತೊಂದರ ಬೇಸಿಗೇಲಿ, ಜನ್ಮದಲ್ಲೇ ಒಂದು ಓವರೂ ಬೌಲಿಂಗ್ ಮಾಡದ ನಾನು, ನ್ಯೂಯಾರ್ಕಲ್ಲಿ ಆರೂವರೆ ಅಡಿ ಜಮೈಕಾದವನ ಸ್ಟಂಪ್ ಎಗರಿಸಿದೆ.

ಆಗ ನಾವಿದ್ದಿದ್ದು ಕ್ವೀನ್ಸ್‌ನಲ್ಲಿ. ನಾನು ಸಿವಿಲ್ ಇಂಜಿನಿಯರ್, ಸೇತುವೆಗಳ ಡ್ರಾಯಿಂಗ್ ಹಾಕೋ ಕೆಲಸ. ಮೈಸೂರಿಂದ ಬರೋವಾಗ ಸೂಟ್‌ಕೇಸಲ್ಲಿ ಕ್ರಿಕೆಟ್ಟಿನ ಬಿಳಿ ಪ್ಯಾಂಟ್ ತಂದಿದ್ದೆ. ಮೂರು ಬೇಸಿಗೆ ಕಳೆದ್ರೂ ಅದರ ಇಸ್ತ್ರಿ ಮಡಿಕೆ ಮುರಿದಿರಲಿಲ್ಲ. ಒಂದು ಶುಕ್ರವಾರ ನನ್ನ ಹೆಂಡತಿ ಅದನ್ನ ಎತ್ತಿ ಹಿಡಿದು, "ರೀ, ಈ ವೀಕೆಂಡ್ ಯಾರಾದ್ರೂ ನಿಮ್ಮನ್ನ ಆಡಕ್ಕೆ ಸೇರಿಸ್ಕೊಂಡ್ರೆ ಸರಿ. ಇಲ್ಲಾಂದ್ರೆ ಸೋಮವಾರದಿಂದ ಇದು ನೆಲ ಒರೆಸೋ ಬಟ್ಟೆ" ಅಂದ್ಲು.

"ನೋಡ್ತಾ ಇರು. ಒಂದು ಟೀಮ್ ಹಿಡ್ಕೊಂಡೇ ಮನೆಗೆ ಬರ್ತೀನಿ."

ಶನಿವಾರ ಬ್ರೂಕ್ಲಿನ್‌ಗೆ ಹೋದೆ. ಅಲ್ಲಿ ಹನ್ನೊಂದೂ ಜನ ಬಂದಿದ್ರು. "ಸ್ಕೋರ್ ಬರೀತೀಯಾ?" ಅಂದ್ರು. ಪ್ಯಾಂಟ್ ಹಾಕ್ಕೊಂಡು ಬಂದ ತಪ್ಪಿಗೆ ಬಿಸಿಲಲ್ಲಿ ಕೂತು ಬರೆದೆ. ಮಧ್ಯಾಹ್ನ ಫೆರಿ ಹಿಡಿದು ಸ್ಟೇಟನ್ ಐಲ್ಯಾಂಡ್‌ಗೆ ಹೋದ್ರೆ, ಅಲ್ಲಿ ಆಟ ಮುಗಿಸಿ ಟೀ ಕುಡೀತಿದ್ರು. ನನಗೂ ಒಂದು ಕಪ್ ಕೊಟ್ಟು ಕಳಿಸಿದ್ರು. ಬಿಡ್ತೀನಾ? ಭಾನುವಾರದ ಟೀಮಲ್ಲಿ ಒಬ್ಬನಾದ್ರೂ ಕೈ ಕೊಡ್ತಾನೆ, ಎಷ್ಟು ಬೇಗ ಹೋಗ್ತೀನೋ ಅಷ್ಟು ಒಳ್ಳೇದು ಅಂತ ಅಷ್ಟರಲ್ಲಿ ಗೊತ್ತಾಗಿತ್ತು.

ಬೆಳಗ್ಗೆ ಎಂಟಕ್ಕೆಲ್ಲ ಬ್ರಾಂಕ್ಸ್‌ನ ಪಾರ್ಕಲ್ಲಿದ್ದೆ. ಒಬ್ಬನೇ ಒಬ್ಬ ಅಲ್ಲಿದ್ದ, ತೆಂಗಿನ ನಾರಿನ ದೊಡ್ಡ ಮ್ಯಾಟನ್ನ ಪಿಚ್ ಮೇಲೆ ಉರುಳಿಸ್ತಾ. ಬಾರ್ಬಡೋಸಿನವನು, ವಾರವೆಲ್ಲ ಬಸ್ ಓಡಿಸಿ ಭಾನುವಾರ ಕ್ಯಾಪ್ಟನ್ ಆಗೋನು. ನನ್ನನ್ನ ಮೇಲಿಂದ ಕೆಳಗೆ ನೋಡ್ದ.

"ಇಂಡಿಯನ್ನಾ?"

"ಹೌದು."

"ಹಾಗಾದ್ರೆ ಸ್ಪಿನ್ನರ್ರು."

ಅವನ ತಪ್ಪೇನಿಲ್ಲ ಬಿಡಿ. ಆ ವರ್ಷವೇ ನಮ್ಮವರು ಅವರ ದ್ವೀಪಗಳಿಗೆ ಹೋಗಿ ಸ್ಪಿನ್ ಹಾಕಿ ಸೋಲಿಸಿ ಬಂದಿದ್ರು. ಆ ಬೇಸಿಗೆ ಅವರ ಕಣ್ಣಿಗೆ ಕಾಣೋ ಪ್ರತಿ ಇಂಡಿಯನ್ನೂ ಸ್ಪಿನ್ನರ್ರೇ. ನಾನ್ಯಾಕೆ ಬೇಡ ಅನ್ನಲಿ? "ಮತ್ತಿನ್ನೇನು? ಲೆಗ್ ಸ್ಪಿನ್" ಅಂದೆ.

"ಒಬ್ಬ ಬರಲ್ಲ ಅಂದಿದಾನೆ. ನೀನು ಆಡು. ಆದ್ರೆ ಸುಳ್ಳು ಅಂತ ಗೊತ್ತಾದ್ರೆ ಮ್ಯಾನ್, ಈ ಊರಿನ ಎಲ್ಲಾ ಕ್ಯಾಪ್ಟನ್‌ಗಳಿಗೂ ಹೇಳ್ತೀನಿ. ಜೀವಮಾನವಿಡೀ ಸ್ಕೋರ್ ಬರೀತಾ ಇರ್ತೀಯ."

ನಿಜ ಹೇಳ್ಬೇಕಂದ್ರೆ, ಕಾಲೇಜ್ ಟೀಮಲ್ಲಿ ನಾನು ನೀರು ಹೊರೋ ಹನ್ನೆರಡನೆಯವನು. ಆದ್ರೆ ಮ್ಯಾಟ್ ಮೇಲೆ ಆಟ ನೋಡಿ ಬೆಳೆದೋನು. ಮ್ಯಾಟ್ ಬಿಗಿಯಾಗಿದ್ರೆ ಬಾಲ್ ನೆಟ್ಟಗೆ ಬರತ್ತೆ, ಸಡಿಲ ಇದ್ರೆ ಕಚ್ಕೊಂಡು ತಿರುಗತ್ತೆ. "ಸುತ್ತಿಗೆ ಕೊಡಿಲ್ಲಿ, ನಾನು ಮೊಳೆ ಹೊಡೀತೀನಿ" ಅಂತ ಇಸ್ಕೊಂಡೆ. ಸ್ಪಿನ್ನರ್ ಹಾಕಿದ ಬಾಲ್ ನೆಲಕ್ಕೆ ಬೀಳೋ ಕಡೆ ನಾಲ್ಕು ಮೊಳೆ ಸಡಿಲ ಬಿಟ್ಟೆ. ಬೇಕೂಂತಲೇ.

ಎದುರಾಳಿಗಳು ಮೊದಲು ಬ್ಯಾಟಿಂಗ್. ಆ ಜಮೈಕಾದವನು ನಮ್ಮ ಬೌಲರ್‌ಗಳನ್ನೆಲ್ಲ ಚಚ್ಚಿ ಹಾಕ್ತಿದ್ದ. ಕ್ಯಾಪ್ಟನ್ ಬಾಲ್ ನನ್ನ ಕಡೆ ಎಸೆದ. ಮೊದಲನೆಯದು ಆಕಾಶಕ್ಕೆ ಹೋಗಿ ಬಂತು. ಪಕ್ಕದಲ್ಲಿ ಬೇಸ್‌ಬಾಲ್ ಆಡ್ತಿದ್ದೋರ ಮಧ್ಯಕ್ಕೆ ಹೊಡೆದ. ಎರಡನೆಯದನ್ನೂ ಅಲ್ಲಿಗೇ. ಬೇಸ್‌ಬಾಲ್‌ನೋರು ಬಾಲ್ ವಾಪಸ್ ಎಸೆದು ಬೈದ್ರು. ಕ್ಯಾಪ್ಟನ್ ಸೊಂಟದ ಮೇಲೆ ಕೈ ಇಟ್ಕೊಂಡು ನನ್ನನ್ನೇ ನೋಡ್ತಿದ್ದ. ಮೂರು ಬೇಸಿಗೆ ಕಾದಿದ್ದು ಇದಕ್ಕಾ? ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಬೆರಳಲ್ಲಿದ್ದ ಜೋರೆಲ್ಲ ಹಾಕಿ ತಿರುಗಿಸ್ದೆ. ಬಾಲ್ ಹೋಗಿ ಸರಿಯಾಗಿ ಆ ಸಡಿಲ ಜಾಗದಲ್ಲೇ ಬಿತ್ತು. ಲೆಗ್ ಸ್ಟಂಪಿನಾಚೆ ಬಿದ್ದಿದ್ದು ಆಫ್ ಸ್ಟಂಪ್ ಎಗರಿಸ್ತು!

ಅವನು ಹೋಗ್ಲಿಲ್ಲ. ಬಗ್ಗಿ ಮ್ಯಾಟನ್ನ ಬ್ಯಾಟಲ್ಲಿ ಕುಕ್ಕಿದ. "ಮ್ಯಾಟ್ ಸಡಿಲ ಇದೆ!"

"ಮ್ಯಾಟ್ ಅಲ್ಲ ಮ್ಯಾನ್, ನಿನ್ನ ಕಾಲು ಸಡಿಲ ಆಗಿರೋದು. ನಡಿ ನಡಿ" ಅಂದ ನಮ್ಮ ಕ್ಯಾಪ್ಟನ್.

ಇನ್ನೂ ಎರಡು ವಿಕೆಟ್ ತಗೊಂಡೆ. ಮೆರೆದೆ. ಲಂಚ್ ಹೊತ್ತಲ್ಲಿ ನೆನಪಾಯ್ತು: ಅದೇ ಮ್ಯಾಟ್ ಮೇಲೆ ಈಗ ನಾವು ಬ್ಯಾಟ್ ಮಾಡ್ಬೇಕು! ಅಷ್ಟರಲ್ಲಿ ಕ್ಯಾಪ್ಟನ್ ಅನ್ನದ ತಟ್ಟೆ ಕೆಳಗಿಟ್ಟು, ಸುತ್ತಿಗೆ ತಗೊಂಡು ಪಿಚ್‌ಗೆ ಹೋದ. ನಾಲ್ಕೂ ಮೊಳೆ ಒಂದೊಂದಾಗಿ ಹೊಡೆದ. ಪ್ರತಿ ಏಟಿಗೂ ತಲೆ ಎತ್ತಿ ನನ್ನ ಕಡೆ ನೋಡ್ತಿದ್ದ.

ಆಟ ಗೆದ್ವಿ. ಎಲ್ಲರೂ ಹೊರಟ ಮೇಲೆ ಅವನು ಬಂದು ಹೆಗಲ ಮೇಲೆ ಕೈ ಹಾಕ್ದ. "ಮುಂದಿನ ಭಾನುವಾರ ಎಂಟಕ್ಕೆ ಬಾ. ಬೌಲಿಂಗ್ ಮಾಡು. ಸುತ್ತಿಗೆ ಮಾತ್ರ ಮುಟ್ಟಬೇಡ."

ಆ ಟೀಮಲ್ಲಿ ಎಂಟು ಬೇಸಿಗೆ ಆಡಿದೆ.

ಇಷ್ಟೆಲ್ಲ ಹೇಳಿದ್ರಲ್ಲಿ ನಾನು ಸೇರಿಸಿದ್ದು ಒಂದೇ ಸುಳ್ಳು. ಬೇಕೂಂತಲೇ ಮೊಳೆ ಸಡಿಲ ಬಿಟ್ಟೆ ಅಂದ್ನಲ್ಲ, ಅದು. ಅವತ್ತು ನಾನು ನಿಯತ್ತಾಗಿ, ಮೈಯೆಲ್ಲ ಬೆವತು, ಎಲ್ಲಾ ಮೊಳೇನೂ ಗಟ್ಟಿಯಾಗೇ ಹೊಡೆದೆ ಅಂದ್ಕೊಂಡಿದ್ದೆ. ಸೇತುವೆ ಇಂಜಿನಿಯರಿಗೆ ಒಂದು ಮೊಳೆ ನೆಟ್ಟಗೆ ಹೊಡೆಯಕ್ಕೆ ಬರಲ್ಲ ಅಂತ ಹೇಗ್ರೀ ಒಪ್ಕೊಳ್ಳೋದು? ಮೋಸಗಾರ ಅನ್ನಿಸ್ಕೊಳ್ಳೋದೇ ವಾಸಿ.