ದೀಪದ ಬಳೆ

ಪಕ್ಕದಿಂದ ಯಾರಾದರೂ ಕರೆದರೆ ಅತ್ತೆ ಕಣ್ಣು ಹೊರಳಿಸುತ್ತಿರಲಿಲ್ಲ. ಕೋಳಿಯಂತೆ ಕತ್ತನ್ನೇ ಪೂರ್ತಿ ತಿರುಗಿಸುತ್ತಿದ್ದಳು. ಅಪ್ಪನ ಅಕ್ಕ ಅವಳು, ಅಕ್ಕಲಕೋಟೆಗೆ ಕೊಟ್ಟಿದ್ದರು. ರಜೆಗೆ ನಾನು ಸೊಲ್ಲಾಪುರದಿಂದ ಹೋದಾಗಲೆಲ್ಲ ಅಪ್ಪನ ಅಂಗಡಿಯ ತುಂಡುಬಟ್ಟೆಗಳಿಂದ ಕೌದಿ ಹೊಲೆಯುತ್ತ ಕೂತಿರುತ್ತಿದ್ದಳು. ಸೂಜಿಗೆ ದಾರವನ್ನು ಒಂದೇ ಸಲಕ್ಕೆ ಪೋಣಿಸುವಳು. ಎದ್ದು ಒಳಗೆ ಹೊರಟರೆ ಮಾತ್ರ ಭುಜ ಚೌಕಟ್ಟಿಗೆ ಬಡಿಯುತ್ತಿತ್ತು.

“ಈ ಬಾಗಲಾ ನನ್ನ ಮ್ಯಾಲ ಸಿಟ್ಟಾಗೇತಿ ನೋಡವಾ,” ಎಂದು ನಗುತ್ತಿದ್ದಳು.

ಓಣಿಯವರು ನಗುತ್ತಿರಲಿಲ್ಲ. ಪಕ್ಕದಲ್ಲೇ ಹಾದುಹೋದರೂ ಮಾತಾಡಿಸುವುದಿಲ್ಲ, ಸೊಕ್ಕು ಎನ್ನುತ್ತಿದ್ದರು. ಸಂಜೆ ಕಂದೀಲಿನ ಸುತ್ತ ಬಣ್ಣದ ಉಂಗುರ ಕಾಣುವುದನ್ನು ಅತ್ತೆ ನನಗೊಬ್ಬಳಿಗೇ ಹೇಳಿದ್ದಳು: “ದೀಪಕ್ಕ ಯಾರೋ ಬಳಿ ತೊಡಿಸ್ಯಾರ.”

ಬಲಗಣ್ಣು ಮಂಜಾದಾಗ ಎಲ್ಲರೂ ಪೊರೆ ಬಂದಿದೆ, ಮೋತಿಬಿಂದು ಎಂದರು. ಅದು ಹಣ್ಣಾಗುವ ತನಕ ಡಾಕ್ಟರು ಮುಟ್ಟುವುದಿಲ್ಲವೆಂಬುದು ಮನೆಮನೆಗೂ ಗೊತ್ತಿದ್ದ ಮಾತು. ಹುಲ್ಲಿನಲ್ಲಿಟ್ಟ ಮಾವಿನಕಾಯಿಗೆ ಕಾಯುವಂತೆ ಅತ್ತೆ ಕಾದಳು. ಕೊನೆಗೆ ಸೊಲ್ಲಾಪುರಕ್ಕೆ ಬಂದಾಗ ಆ ಕಣ್ಣಲ್ಲಿ ಬೆಳಕೇ ಇರಲಿಲ್ಲ.

ಡಾಕ್ಟರು ಮುಚ್ಚಿದ ರೆಪ್ಪೆಯ ಮೇಲೆ ಎರಡು ಬೆರಳಿಟ್ಟು ಮೆಲ್ಲಗೆ ಒತ್ತಿದರು.

“ಕಲ್ಲಾಗೇತ್ರಿ ಅಕ್ಕಾರ. ಇದು ಮೋತಿಬಿಂದು ಅಲ್ಲ, ಕಾಚಬಿಂದು. ಕಣ್ಣಾಗ ನೀರ ಹುಟ್ಟತಾವ, ಹರದು ಹೋಗೂ ದಾರಿ ಕಟ್ಟೇತಿ. ಆ ಒತ್ತಡಕ್ಕ ಒಳಗಿನ ನರ ಸಾಯತೈತಿ. ಮೊದಲ ಅಂಚಿನ ನೋಟ ಹೋಗತೈತಿ. ಹೋದದ್ದು ಬರೂದಿಲ್ಲ, ಎಡಗಣ್ಣಾಗ ಇದ್ದಷ್ಟು ಉಳಿಸೂಣು.”

ಒಡಹುಟ್ಟಿದವರಿಗೂ ಅವರ ಮಕ್ಕಳಿಗೂ ಬರಬಹುದು, ತೋರಿಸಿಕೊಳ್ಳಿ ಎಂದು ಜೊತೆಗೆ ಬಂದಿದ್ದ ಅಪ್ಪನಿಗೆ ಹೇಳಿದರು. ಅಪ್ಪ ತಲೆಯಾಡಿಸಿ ಅಂಗಡಿಗೆ ಹೋದರು.

ಔಷಧಿಗೆಂದು ಅತ್ತೆ ನಮ್ಮಲ್ಲೇ ಉಳಿದಳು. ಒಂದು ದಿನ ಊಟಕ್ಕೆ ಕೂತ ಅಪ್ಪ, “ಅಂಗಡಿ ದೀಪದ ಸುತ್ತ ಬಣ್ಣ ಕಾಣತಾವ. ಹೊಸಾ ಬಲ್ಬೇ ಹಿಂಗೋ ಏನೋ,” ಎಂದರು. ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು.

“ನಾಳೆ ಡಾಕ್ಟರ ಕಡೆ ನಡಿ.”

“ದೀಪಾವಳಿ ವ್ಯಾಪಾರ ಮುಗೀಲಿ ಅಕ್ಕಾ.”

ಮರುದಿನ ಅವಳು ನನ್ನ ತೋಳು ಹಿಡಿದು ಅಪ್ಪನ ಅಂಗಡಿಯಿದ್ದ ನವಿ ಪೇಠಕ್ಕೆ ನಡೆದಳು. ಎಂದೂ ಅಂಗಡಿಯ ಮೆಟ್ಟಿಲು ಹತ್ತದವಳು ಗಾದಿಯ ನಟ್ಟನಡುವೆ ಕೂತು ಗಿರಾಕಿಗಳಿಗೆ ಹೇಳಿದಳು:

“ನನ್ನ ತಮ್ಮನ ಕಣ್ಣ ತೋರಸೂತನಾ ಇಲ್ಲಿ ಅರಿವಿ ಸಿಗೂದಿಲ್ಲರಿ. ಬ್ಯಾರೆ ಅಂಗಡಿ ನೋಡ್ರಿ.”

“ಅಕ್ಕಾ, ಮಂದಿ ಮುಂದ ಮಾನಾ ಕಳೀಬ್ಯಾಡ!”

“ಮಾನಾ ಮತ್ತ ಗಳಸಬಹುದೋ ತಮ್ಮಾ. ನಾ ಹಣ್ಣಾಗಲಿ ಅಂತ ಕಾದೆ. ಕೊಳತ ಹೋತು.”

ಅಪ್ಪ ಎದ್ದು ಚಪ್ಪಲಿ ಮೆಟ್ಟಿದರು. ಕಾಚಬಿಂದು ಈಗಷ್ಟೇ ಶುರುವಾಗಿದೆ, ಸಕಾಲಕ್ಕೆ ಬಂದಿರಿ ಎಂದರು ಡಾಕ್ಟರು.

ಅತ್ತೆಯ ಎಡಗಣ್ಣು ಕೆಲವು ಕಾಲ ಕಿಂಡಿಯಷ್ಟು ನೋಟ ಉಳಿಸಿಕೊಂಡಿತ್ತು. ಆಮೇಲೆ ಅದೂ ಮುಚ್ಚಿತು. ಅಕ್ಕಲಕೋಟೆಗೆ ಮರಳಿದ ಅವಳನ್ನು ಕೊನೆಯ ಸಲ ಕಂಡಾಗ ನನ್ನ ಸೆರಗನ್ನು ಬೆರಳಲ್ಲಿ ತಿಕ್ಕುತ್ತ ಕೇಳಿದಳು:

“ಈ ಸೀರಿ ನಿಮ್ಮಪ್ಪನೇ ಆರಿಸಿದನೇನ?”

“ಹೂಂ ಅತ್ತಿ.”

“ಬಣ್ಣ ಯಾವುದಂದಾ?”

“ಗಿಣಿಹಸರು ಅಂದ್ರು.”

“ಖರೇನೂ ಅದೇ ಐತಿ?”

“ಅದೇ ಐತಿ.”

“ಹಂಗಾರ ಸಾಕು,” ಎಂದು ಸೆರಗು ಬಿಟ್ಟಳು. ಆ ಚಳಿಗಾಲ ಅವಳು ದಾಟಲಿಲ್ಲ.

ಈಗಲೂ ಸಂಜೆ ಅಪ್ಪನ ಕಣ್ಣಿಗೆ ಹನಿ ಹಾಕುವವಳು ನಾನೇ. ಆಮೇಲೆ ದೀಪ ಹಚ್ಚಿ, ಅದರ ಸುತ್ತ ಒಮ್ಮೆ ನೋಡುತ್ತೇನೆ. ಬಳೆ ಇಲ್ಲ.