ಸದ್ದಣ್ಣ ಕತ್ತರಿಸಿದ ಮೌನ

ಬಟ್ಟೆ ಅಂಗಡಿಯ ಮೇಲಿನ ಧ್ವನಿಮುದ್ರಣದ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿರುವವನನ್ನು ಎಲ್ಲರೂ ಸದ್ದಣ್ಣ ಎನ್ನುತ್ತಾರೆ. ಮಾತು ಕಡಿಮೆ, ಕಿವಿ ಚುರುಕು. ಪಕ್ಕದ ಕೋಣೆಯಲ್ಲಿ ಫ್ಯಾನು ತಿರುಗಿದರೂ ಹುಬ್ಬು ಗಂಟಿಕ್ಕುತ್ತಾನೆ. ತಂಗಿಗೆ ಈ ಕೆಲಸ ಕಲಿಸಿದವನೂ ಅವನೇ. ಈಗ ಅವಳು ತನ್ನ ಮನೆಯ ಒಂದು ಕೋಣೆಯ ಗೋಡೆಗೆಲ್ಲ ಸದ್ದು ತಡೆಯಲು ಹಳೆಯ ಕಂಬಳಿ ಬಡಿದು, ಹೊಸ ಸಾಫ್ಟ್‌ವೇರ್ ಹಾಕಿಕೊಂಡು ಕೂತಿದ್ದಳು.

ಈ ಸಲದ ಧ್ವನಿನಾಟಕಕ್ಕೆ ಮಾತು, ಸದ್ದುಗಳನ್ನೆಲ್ಲ ಹಿಡಿದವನು ಸದ್ದಣ್ಣ. ಅವನ್ನು ಹದವಾಗಿ ಬೆರೆಸುವ ಕೊನೆಯ ಕೆಲಸವನ್ನು ನಿರ್ದೇಶಕಿ ಕೊಟ್ಟಿದ್ದು ತಂಗಿಗೆ.

"ನಿಮ್ಮ ಕೈಯಲ್ಲಿ ಕಲಿತವಳು. ನಿಮಗೂ ಹೆಮ್ಮೆ ಅಲ್ವಾ ಸದ್ದಣ್ಣ?"

"ಹೂಂ," ಎಂದ. ಇದನ್ನೂ ಅವಳು ಗೆದ್ದರೆ ಮುಂದೆ ತನಗೆ ಮೈಕು ನಿಲ್ಲಿಸುವ ಕೆಲಸವೇ ಗತಿ.

ಅವನು ತನ್ನ ಹಳೆಯ ಸಾಫ್ಟ್‌ವೇರಿನ ಪ್ರಾಜೆಕ್ಟ್ ಫೈಲನ್ನಷ್ಟೇ ಕಳಿಸಿದ. ಅದರೊಳಗೆ ಸದ್ದಿರುವುದಿಲ್ಲ; ಯಾವ ಸದ್ದು ಎಲ್ಲಿ ಎಂಬ ನಕ್ಷೆ ಮಾತ್ರ. ಆ ನಕ್ಷೆಯನ್ನೂ ಅವಳ ಸಾಫ್ಟ್‌ವೇರ್ ಓದಲಾರದು. ಗೊತ್ತಿದ್ದೇ ಕಳಿಸಿದ.

ಫೋನ್ ಬಂತು. "ಅಣ್ಣಾ, ಇದು ನನ್ನ ಹತ್ರ ತೆರೀತಿಲ್ಲ."

"ಎಲ್ಲಾ ತೆರೆಯೋ ಸಾಫ್ಟ್‌ವೇರ್ ಅಂತ ಕುಣೀತಿದ್ದೆ?"

"ಕುಣಿದೆ, ಜಾರಿ ಬಿದ್ದೆ, ಸಾಕಾ? ಒಂದೊಂದು ಸದ್ದನ್ನೂ ಬೇರೆ ಬೇರೆ ವೇವ್ ಫೈಲ್ ಮಾಡಿ ಕಳ್ಸು. ಅದು ಯಾವುದರಲ್ಲಾದ್ರೂ ಓಡುತ್ತೆ."

ಹಾಗೆ ಕಳಿಸಲು ಒಂದು ಕ್ರಮವಿದೆ. ಬಾಗಿಲ ಸದ್ದು ಹತ್ತನೇ ನಿಮಿಷದಲ್ಲಿ ಬಂದರೂ ಅದರ ಫೈಲು ಸೊನ್ನೆಯಿಂದಲೇ ಶುರುವಾಗಬೇಕು. ಹತ್ತು ನಿಮಿಷದ ಮೌನವೂ ಜೊತೆಗೆ ಹೋಗಬೇಕು. ಆಗ ಎಲ್ಲವನ್ನೂ ಸೊನ್ನೆಗೆ ಸಾಲಾಗಿ ನಿಲ್ಲಿಸಿದರೆ ತಾವಾಗಿ ಕೂಡಿಕೊಳ್ಳುತ್ತವೆ. ತಂಗಿಯ ತಲೆಗೆ ಮೊಟಕಿ ಇದನ್ನು ಕಲಿಸಿದ್ದವನು, ಹದಿನೆಂಟೂ ಫೈಲುಗಳ ಶುರುವಿನ ಮೌನವನ್ನು ಕತ್ತರಿಸಿ ಕಳಿಸಿದ. ಫೈಲು ಹಗುರವಾಯಿತು ಎಂದು ತನಗೇ ಹೇಳಿಕೊಂಡ.

ಮೂರು ದಿನ ಫೋನಿಲ್ಲ. ಗೆದ್ದೆ ಅನ್ನಿಸಿತು, ಊಟ ಮಾತ್ರ ಸೇರಲಿಲ್ಲ. ನಾಲ್ಕನೇ ದಿನ ಅವಳ ಕೋಣೆಗೆ ಹೋದ. ನಿರ್ದೇಶಕಿಯೂ ಅಲ್ಲಿದ್ದರು.

"ಬಾ ಅಣ್ಣಾ. ನಿನ್ನ ಫೈಲ್ ಹಾಕಿದ ಕೂಡ್ಲೆ ಸಂತೆ ಆಗೋಯ್ತು! ಬಾಗಿಲು, ಅಳು, ಬೈಗುಳ ಎಲ್ಲಾ ಒಟ್ಟಿಗೆ. ಒಬ್ಬರ ಮೈಕಲ್ಲಿ ಇನ್ನೊಬ್ಬರ ಉಸಿರು ಸಣ್ಣಗೆ ಬಿದ್ದಿತ್ತಲ್ಲ, ಅದನ್ನೇ ಹಿಡ್ಕೊಂಡು ಒಂದೊಂದಾಗಿ ಕೂಡಿಸ್ದೆ."

ಅವಳು ನಾಟಕ ಹಾಕಿದಳು. ಸದ್ದಣ್ಣ ಕಿವಿಗೆ ಎಣ್ಣೆ ಬಿಟ್ಟುಕೊಂಡವನಂತೆ ತಪ್ಪು ಹುಡುಕಿದ. ನಾಟಕದ ತಾಯಿಯ ಹೆಜ್ಜೆ ಕೇಳುವವರೆಗೂ ಸಿಗಲಿಲ್ಲ.

"ತಾಯಿ ಹೆಜ್ಜೆ ಸದ್ದು ಬೇರೆ ಹಿಡಿದಿದ್ದಲ್ವಾ, ಅದನ್ನ ಮಾತ್ರ ಅಂದಾಜಲ್ಲಿ ಇಟ್ಟೆ. ಸರಿ ಇದೆಯಾ?"

ಅರ್ಧ ಸೆಕೆಂಡು ತಡವಾಗಿತ್ತು. ಮಗ ಸುಳ್ಳು ಹೇಳಿ ಮುಗಿಸುತ್ತಾನೆ, ಒಂದು ಕ್ಷಣ ಏನೂ ಇಲ್ಲ, ಆಮೇಲೆ ಹೆಜ್ಜೆ. ತಾನು ಇಟ್ಟಿದ್ದಕ್ಕಿಂತ ಚೆನ್ನಾಗಿತ್ತು. ಅದನ್ನೇ ಅವನಿಗೆ ಸಹಿಸಲಾಗಲಿಲ್ಲ.

"ಅರ್ಧ ಸೆಕೆಂಡ್ ತಡ," ಎಂದ. ನಿರ್ದೇಶಕಿ ತಲೆಯೆತ್ತಿದರು.

"ಹಿಂದಕ್ಕೆ ಎಳೀಲಾ?" ತಂಗಿಯ ಕೈ ಆಗಲೇ ಮೌಸಿನ ಮೇಲಿತ್ತು. ಅವನು ಹೂಂ ಅಂದರೆ ಎಳೆದೇಬಿಡುತ್ತಿದ್ದಳು.

ಅವನು ಇನ್ನೊಮ್ಮೆ ಹಾಕಿಸಿ ಕೇಳಿದ. ಮತ್ತೊಮ್ಮೆ ಕೇಳಿದ.

"ಬೇಡ. ಅಲ್ಲೇ ಇರ್ಲಿ."

ನಿರ್ದೇಶಕಿ ಹೊರಟುಹೋದ ಮೇಲೆ ತಂಗಿ ಹೇಳಿದಳು: "ಒಂದು ಫೈಲಲ್ಲಿ ಮೌನ ಇಲ್ದಿದ್ರೆ ನೀನು ಮರೆತೆ ಅನ್ಕೋತಿದ್ದೆ. ಹದಿನೆಂಟರಲ್ಲೂನಾ ಅಣ್ಣಾ?"

ಸದ್ದಣ್ಣ ಗೋಡೆಯ ಕಂಬಳಿ ನೋಡಿದ.

"ಹೊಟ್ಟೆ ಉರೀತಿತ್ತಾ?"

"ಈಗ್ಲೂ ಉರೀತಿದೆ," ಎಂದ.