ಗ್ಯಾಪಕ್ಕನ ಆರು ಪ್ಲಗ್

ಬೆಳಗಿನ ಆರು ಗಂಟೆ. ಶೆಡ್ಡಿನ ಶಟರ್ ಇನ್ನೂ ಅರ್ಧ ಮಾತ್ರ ಮೇಲೇರಿದೆ. ಕಿಟಕಿ ಪಕ್ಕದ ಬೆಂಚಿನ ಮುಂದೆ ನಿಂತ ಗ್ಯಾಪಕ್ಕ ಆರು ಹೊಸ ಸ್ಪಾರ್ಕ್ ಪ್ಲಗ್‌ಗಳನ್ನು ಹಳೆಯ ಟವೆಲ್ ಮೇಲೆ ಸಾಲಾಗಿ ಮಲಗಿಸಿದ್ದಾರೆ. ಒಂದನ್ನು ಎತ್ತಿ, ಅದರ ತುದಿಯ ಬಾಗಿದ ಕಡ್ಡಿಯನ್ನು ಮರದ ಹಲಗೆಗೆ ಮೆಲ್ಲಗೆ ತಟ್ಟುತ್ತಾರೆ. ಆಮೇಲೆ ಸಂದಿ ಅಳೆಯುವ ಗೇಜಿನ ತೆಳ್ಳನೆಯ ಉಕ್ಕಿನ ಪಟ್ಟಿಯನ್ನು ಸಂದಿಗೆ ತೂರಿಸಿ ಎಳೆಯುತ್ತಾರೆ. ಪತ್ರಿಕೆಗೆ ಇವರ ಬಗ್ಗೆ ಬರೆಯಲು ಬಂದ ನನ್ನ ಕಣ್ಣಿಗೆ ಎಲ್ಲ ಸರಿಯಾಗಿಯೇ ಇದೆ. ಅವರು ಮತ್ತೆರಡು ಸಲ ನೋಡುತ್ತಾರೆ.

"ಬಾಕ್ಸಿಂದ ತೆಗೆದು ಹಾಗೇ ಹಾಕಿದ್ರೆ ಆಗಲ್ವಾ?" ಎಂದು ಕೇಳಿ ನನ್ನ ಬುದ್ಧಿವಂತಿಕೆ ಪ್ರದರ್ಶಿಸುತ್ತೇನೆ.

"ಮಾಮೂಲಿ ಇಂಜಿನ್‌ಗೆ ಆಗತ್ತೆ. ಹೊರಗಿರೋ ಈ ನೀರಿನ ಟ್ಯಾಂಕರ್ ಹಳೇ ಪೆಟ್ರೋಲ್ ಲಾರಿ, ಟರ್ಬೊ ಕೂರಿಸಿದ್ದಾರೆ. ಒಳಗೆ ಗಾಳಿ ಒತ್ತಿ ಒತ್ತಿ ತುಂಬತ್ತೆ. ಸಂದಿ ದೊಡ್ಡದಿದ್ರೆ ಕಿಡಿ ಹಾರೋದೇ ಇಲ್ಲ. ಮಾಮೂಲಿಗೆ ಪಾಯಿಂಟ್ ಒಂಬತ್ತು ಮಿಲಿಮೀಟರ್, ಇದಕ್ಕೆ ಪಾಯಿಂಟ್ ಆರು."

ಮೂವತ್ತೊಂದು ವರ್ಷದಿಂದ ದಿನಕ್ಕೆ ಇಪ್ಪತ್ತು ಮೂವತ್ತು ಪ್ಲಗ್‌ಗಳು ಈ ಕೈಯಲ್ಲಿ ಹಾದುಹೋಗಿವೆ. ಪ್ಲಗ್ಗಿನ ಸಂದಿ, ಅಂದರೆ ಗ್ಯಾಪ್ ಹೊಂದಿಸುವ ಇವರಿಗೆ ಗ್ಯಾಪಕ್ಕ ಎಂಬ ಹೆಸರಿಟ್ಟವರು ಲಾರಿ ಡ್ರೈವರ್‌ಗಳು. ಗ್ಯಾಪಕ್ಕನಿಗೊಂದು ಪದ್ಧತಿಯೂ ಇದೆ. ಶೆಡ್ ತೆರೆಯುವ ಮುಂಚೆ ಮೊದಲ ಲೋಟ ಟೀ ಎದುರಿನ ಬ್ರೇಕ್ ಮೇಸ್ತ್ರಿಗೆ ಕೊಟ್ಟು ಬರುತ್ತಾರೆ. ಆ ಶೆಡ್ಡಿನ ಮುಂದೆ ಒಂದು ಗಾಡಿಯೂ ನಿಂತಿಲ್ಲ. ಎಂಥ ದೊಡ್ಡ ಮನಸ್ಸು ಎಂದು ನಾನು ಡೈರಿಯಲ್ಲಿ ಗೀಚಿಕೊಳ್ಳುತ್ತೇನೆ.

ಬೆಂಚಿನ ಮೇಲೆ ಪೆನ್ನುಗಳನ್ನು ಇಡಲು ಒಂದು ಹಳೆಯ ಪಿಸ್ಟನ್ ಇದೆ. ಅದರ ನೆತ್ತಿಯಲ್ಲಿ ಹೆಬ್ಬೆರಳು ತೂರುವಷ್ಟು ತೂತು. "ನನ್ನ ಕಾಲಿಗಿಂತ ಆ ಪಿಸ್ಟನ್ನಿಗೇ ಇಲ್ಲಿ ಮರ್ಯಾದೆ ಜಾಸ್ತಿ ಸಾರ್!" ಎಂದು ಮೂಲೆಯಿಂದ ನಗುತ್ತಾರೆ ಅವರ ಯಜಮಾನರು. ಅವರಿಗೆ ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ. ಹನ್ನೊಂದು ವರ್ಷದ ಹಿಂದೆ ಗುಡ್ಡದ ಏರಿನಲ್ಲಿ ಅವರ ಲಾರಿ ಹಿಂದಕ್ಕೆ ಉರುಳಿ ಬಂಡೆಗೆ ಬಡಿಯಿತು. ಬ್ರೇಕ್ ಫೇಲ್ ಎಂದು ಊರೆಲ್ಲ ಹೇಳಿತು.

ಇಂದು ಅದೇ ಏರಿಗೆ ನೀರಿನ ಟ್ಯಾಂಕರ್ ಹತ್ತಿಸುವವಳು ಅವರ ಮಗಳು. ಟರ್ಬೊ ಕೂರಿಸಿದ ಮೇಲೆ ಮೊದಲ ಸಲ. ಕೊನೆಯ ಪ್ಲಗ್ ಬಿಗಿ ಮಾಡಿ ಬೆಂಚಿಗೆ ಮರಳಿದ ಗ್ಯಾಪಕ್ಕ, ಕೀ ಹಿಡಿದು ನಿಂತ ಮಗಳಿಗೆ, "ಎದುರುಗಡೆ ಬ್ರೇಕ್ ತೋರಿಸ್ಕೊಂಡು ಹೋಗು" ಎನ್ನುತ್ತಾರೆ.

"ಬ್ರೇಕ್ ಕೆಡಿಸಿ ಅಪ್ಪನ ಕಾಲು ತೆಗೆದವರ ಹತ್ರಾನಾ? ಏನಮ್ಮ ನೀನು!"

ಗ್ಯಾಪಕ್ಕನ ಕೈಯಲ್ಲಿದ್ದ ಸ್ಪ್ಯಾನರ್ ಬೆಂಚಿನ ಮೇಲೆ ಕೂರುತ್ತದೆ.

"ಬ್ರೇಕಲ್ಲ. ಪ್ಲಗ್ಗು. ನಾನು ಹಾಕಿದ್ದು."

ಬೆಂಚಿನ ಮೇಲಿನ ತೂತು ಪಿಸ್ಟನ್ನನ್ನು ಗ್ಯಾಪಕ್ಕ ಕೈಗೆತ್ತಿಕೊಳ್ಳುತ್ತಾರೆ.

"ಅಪ್ಪನ ಲಾರಿಗೂ ಟರ್ಬೊ ಇತ್ತಲ್ಲ, ಬೇಗ ತಣ್ಣಗಾಗೋ ಪ್ಲಗ್ ಬೇಕಿತ್ತು. ನಾವು ತರೋ ಕಂಪನೀಲಿ ನಂಬರ್ ದೊಡ್ಡದಾದಷ್ಟೂ ತಣ್ಣಗೆ. ಅವತ್ತು ಅದು ಸಿಗಲಿಲ್ಲ ಅಂತ ಬೇರೇದು ತಂದೆ. ಅವರದ್ದು ಉಲ್ಟಾ, ದೊಡ್ಡ ನಂಬರ್ ಅಂದ್ರೆ ಬಿಸಿ. ನಾನು ದೊಡ್ಡದೇ ಆರಿಸಿದೆ. ಗ್ಯಾಪ್ ಒಂದು ಕೂದಲೆಳೆ ಆಚೀಚೆ ಇರಲಿಲ್ಲ. ಪ್ಲಗ್ಗೇ ತಪ್ಪು. ತುದಿ ಕೆಂಡ ಆಗಿ, ಕಿಡಿ ಬರೋಕೆ ಮುಂಚೆನೇ ಪೆಟ್ರೋಲ್ ಹತ್ಕೊಂಡು ಈ ಪಿಸ್ಟನ್ ತೂತಾಯ್ತು. ಬ್ರೇಕಿಗೆ ಬಲ ಬರೋದೇ ಇಂಜಿನ್ನಿಂದ. ಏರಿನಲ್ಲಿ ಅದು ಸತ್ತುಹೋದ್ರೆ, ಅಷ್ಟು ಲೋಡ್ ತಡಿಯೋದು ಹೇಗೆ?"

"ಹನ್ನೊಂದು ವರ್ಷ ಯಾಕಮ್ಮ ಹೇಳಲಿಲ್ಲ?" ಎನ್ನುತ್ತಾಳೆ ಮಗಳು.

"ಹೇಳೋಕೆ ಹೆದರಿದೆ. ಊರವರು ಬ್ರೇಕ್ ಅಂದ್ರು, ನಾನು ಸುಮ್ಮನಾದೆ. ಇವತ್ತು ನೀನು ಬ್ರೇಕ್ ತೋರಿಸದೆ ಹೊರಟು ನಿಂತಾಗ ತಡ್ಕೊಳ್ಳೋಕೆ ಆಗಲಿಲ್ಲ."

ಇಷ್ಟು ಹೊತ್ತು ತಮಾಷೆ ಮಾಡುತ್ತಿದ್ದ ಯಜಮಾನರ ಮುಖದಲ್ಲಿ ರಕ್ತವೇ ಇಲ್ಲ. "ಹನ್ನೊಂದು ವರ್ಷದಿಂದ ನಾನು ಆ ಮೇಸ್ತ್ರಿ ಮುಖ ನೋಡಿಲ್ಲ ಕಣೇ" ಎನ್ನುತ್ತಾರೆ. ಹೆಂಡತಿಯನ್ನು ಬೈಯುವುದಿಲ್ಲ. ಊರುಗೋಲು ಎಳೆದುಕೊಂಡು ಏಳುತ್ತಾರೆ. ಮಗಳು ಕೈ ಕೊಡಲು ಹೋದರೆ ಬೇಡವೆಂದು ತಲೆಯಾಡಿಸಿ, ಒಬ್ಬರೇ ರಸ್ತೆ ದಾಟುತ್ತಾರೆ. ನಾವು ಮೂವರೂ ಹಿಂದೆ ಹೋಗುತ್ತೇವೆ.

ಬ್ರೇಕ್ ಮೇಸ್ತ್ರಿ ಟೀ ಲೋಟ ಹಿಡಿದೇ ಯಜಮಾನರು ಹೇಳುವುದನ್ನೆಲ್ಲ ಕೇಳಿಸಿಕೊಳ್ಳುತ್ತಾರೆ. ಆಮೇಲೆ ತಮ್ಮ ಎರಡೂ ಅಂಗೈ ತಿರುಗಿಸಿ ನೋಡಿಕೊಳ್ಳುತ್ತಾರೆ.

"ಬೇರೆಯವರು ಅಂದಿದ್ದು ಬಿಡಿ. ನನ್ನ ಕೈ ಮೇಲೆ ನನಗೇ ಅನುಮಾನ ಬಂದಿತ್ತು." ಗ್ಯಾಪಕ್ಕನ ಕಡೆ ತಿರುಗುವುದಿಲ್ಲ. "ಲಾರಿ ತಗೊಂಬಾರಮ್ಮ" ಎಂದು ಮಗಳಿಗೆ ಹೇಳುತ್ತಾರೆ.

ಮೆಚ್ಚುಗೆಯ ಲೇಖನ ಬರೆಯಲು ಬಂದವನು ನಾನು. ಇದನ್ನು ಏನೆಂದು ಬರೆಯಲಿ? ಗ್ಯಾಪಕ್ಕನೂ ನಾನೂ ಬೆಂಚಿಗೆ ಮರಳಿದಾಗ ಎದುರಿನ ಶೆಡ್ಡಿನಲ್ಲಿ ಟ್ಯಾಂಕರಿನ ಚಕ್ರ ಬಿಚ್ಚುತ್ತಿದ್ದಾರೆ. ನಿಮಗೆ ಏನಾದರೂ ಆಸೆ ಇದೆಯೇ ಎಂದು ಕೊನೆಗೆ ಗ್ಯಾಪಕ್ಕನನ್ನು ಕೇಳುತ್ತೇನೆ.

"ನನ್ನ ಫೋಟೋ ಬೇಡ. ಮೇಸ್ತ್ರೀದು ಹಾಕಿ. ಅವತ್ತು ಉರುಳಿದ ಲಾರಿಯ ಬ್ರೇಕ್ ಚೆನ್ನಾಗಿತ್ತು ಅಂತ ದಪ್ಪ ಅಕ್ಷರದಲ್ಲಿ ಬರೀರಿ."